ಲಿಪಿಕಾರನೂ ಚಿಕಿತ್ಸಕನೂ

ಕಾರ್ಯವನ್ನು ನಡೆಸುವವನೊಬ್ಬನು, ಅದನ್ನು ಬರೆದಿಡುವವನು ಮತ್ತೊಬ್ಬನು ಎಂಬ ವಿಭಾಗವು ಕರ್ನಾಟಕದಲ್ಲಿ ಪ್ರಾಚೀನವಾದುದು. ರಟ್ಟರ ರಾಜಧಾನಿಯಾಗಿದ್ದ ಸುಗಂಧವರ್ತಿಯು, ಎಂದರೆ ಇಂದಿನ ಸವದತ್ತಿಯು, ಶಾಸನಗಳಿಂದ ಪ್ರಸಿದ್ಧವಾದ ಸ್ಥಳ. ಕನ್ನಡ ನಾಡಿನ ಅನೇಕ ಶಾಸನಗಳ ಅಂತ್ಯದಲ್ಲಿ, ದಾನವಿತ್ತವನ ಹೆಸರಲ್ಲದೆ, ರಚಿಸಿದವನ, ಬರೆದವನ, ಕಂಡರಿಸಿದವನ ಹೆಸರುಗಳೂ ಬೇರೆ ಬೇರೆಯಾಗಿ ಉಕ್ತವಾಗಿವೆ. ಇದು ಕೀರ್ತಿಗಾಗಿ ಮಾತ್ರವಲ್ಲ, ಅಕ್ಷರಕ್ಕೆ ಹೊಣೆ ಯಾರೆಂಬುದು ತಿಳಿಯಲೆಂದೂ ಇದ್ದಿರಬೇಕು.

ಬೈಲಹೊಂಗಲ, ಕಿತ್ತೂರು, ರಾಮದುರ್ಗಗಳ ಸೀಮೆಯಲ್ಲಿ ಗೌಡನು ಊರ ಆಡಳಿತವನ್ನು ನಡೆಸಿದರೆ ಕುಲಕರ್ಣಿಯು ಲೆಕ್ಕಪತ್ರಗಳನ್ನು ಬರೆಯುತ್ತಿದ್ದನು. ಮುಂಬಯಿ ಸರಕಾರದ 1950ರ ಕಾಯಿದೆಯಿಂದ ಕುಲಕರ್ಣಿ ವತನಗಳು ರದ್ದಾದವು. ಅದೇ ಕಾಲದಲ್ಲಿ, ಭೋರ್ ಸಮಿತಿಯ 1946ರ ವರದಿಯನ್ನನುಸರಿಸಿ, 1952ರಿಂದ ಸಮುದಾಯಾಭಿವೃದ್ಧಿ ಯೋಜನೆಯೊಡನೆ ದೇಶದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಸ್ಥಾಪಿತವಾಗತೊಡಗಿದವು. ಅಲ್ಲಿ ರೋಗಿಯ ವೃತ್ತಾಂತವನ್ನು ಕೇಳತಕ್ಕವನೂ ಬರೆಯತಕ್ಕವನೂ ವೈದ್ಯನೊಬ್ಬನೇ ಆದನು.

ದರ್ಶನ, ಸ್ಪರ್ಶನ, ಪ್ರಶ್ನ ಎಂಬೀ ಮೂರರಿಂದ ರೋಗಿಯನ್ನು ಪರೀಕ್ಷಿಸಬೇಕೆಂದು ವಾಗ್ಭಟನು ಅಷ್ಟಾಂಗಹೃದಯದಲ್ಲಿ ವಿಧಿಸಿದ್ದಾನೆ. ಲೇಖನವು ಇವುಗಳಲ್ಲಿ ಸೇರಿಲ್ಲ. ಈಗಲಾದರೋ ಲೇಖನವೇ ಉಳಿದ ಮೂರರ ಕಾಲವನ್ನು ನುಂಗುತ್ತಿದೆ. ಅಮೆರಿಕದ ವಿಸ್ಕಾನ್ಸಿನ್ ಪ್ರಾಂತ್ಯದ ಕುಟುಂಬವೈದ್ಯರನ್ನು ಕುರಿತು 2017ರಲ್ಲಿ ಪ್ರಕಟವಾದ ಅಧ್ಯಯನದ ಮೇರೆಗೆ, 11.4 ಗಂಟೆಗಳ ದಿನಗೆಲಸದಲ್ಲಿ 5.9 ಗಂಟೆಗಳು ಗಣಕಯಂತ್ರದ ದಾಖಲೆಗಳಿಗೇ ವ್ಯಯವಾಗುತ್ತಿದ್ದವು. ಭಾರತದಲ್ಲಿಯೂ 2021ರಲ್ಲಿ ಆಯುಷ್ಮಾನ್ ಭಾರತ ಡಿಜಿಟಲ್ ಅಭಿಯಾನವು ದೇಶವ್ಯಾಪಿಯಾದಂದಿನಿಂದ ರೋಗಿಯ ದಾಖಲೆಯು ಅದೇ ಮಾರ್ಗವನ್ನು ಹಿಡಿದಿದೆ.

ಈ ಭಾರವನ್ನು ಇಳಿಸಲೆಂದು, ವೈದ್ಯರೋಗಿಗಳ ಸಂಭಾಷಣೆಯನ್ನು ಕೇಳಿ ತಾನೇ ಟಿಪ್ಪಣಿಯನ್ನು ಬರೆಯುವ ಯಂತ್ರವು ಬಂದಿದೆ. ಲಿಪಿಕಾರನು ಮರಳಿ ಬಂದಂತಾಯಿತು. ಮಹಾಭಾರತದ ಪುಣೆಯ ಸಂಶೋಧಿತ ಆವೃತ್ತಿಯಲ್ಲಿ ಅನುಬಂಧಕ್ಕೆ ಸರಿದಿರುವ ಗಣೇಶಲೇಖನ ಪ್ರಸಂಗವು ಇಲ್ಲಿ ಸ್ಮರಣೀಯ. ಲೇಖನಿಯು ಕ್ಷಣವೂ ನಿಲ್ಲಬಾರದೆಂದು ಗಣೇಶನು ಕೇಳಿಕೊಂಡನು. ಅರ್ಥವಾಗದೆ ಬರೆಯಬಾರದೆಂದು ವ್ಯಾಸನು ಪ್ರತಿಯಾಗಿ ನಿಬಂಧಿಸಿದನು. ಯಂತ್ರವು ಮೊದಲನೆಯ ನಿಬಂಧನೆಯನ್ನು ಸಲೀಸಾಗಿ ನೆರವೇರಿಸುತ್ತದೆ. ಎರಡನೆಯದರಲ್ಲಿಯೇ ಸಂದೇಹವಿರುವುದು. ನುಡಿಯನ್ನು ಬರಹಕ್ಕಿಳಿಸುವ ವಿಸ್ಪರ್ ಎಂಬ ಯಂತ್ರವನ್ನು ಕುರಿತು 2024ರಲ್ಲಿ ಪ್ರಕಟವಾದ ಪರಿಶೋಧನೆಯಲ್ಲಿ, ನೂರಕ್ಕೆ ಸುಮಾರು ಒಂದು ಪ್ರತಿಯಲ್ಲಿ ಯಾರೂ ಆಡದ ಮಾತುಗಳು ಕಂಡುಬಂದವು. ಆ ಪರೀಕ್ಷೆಯು ಆಂಗ್ಲ ಭಾಷೆಯಲ್ಲಿ ನಡೆದುದು. ಸವದತ್ತಿಯ ಕಡೆಯ ಮುದುಕಿಯೊಬ್ಬಳು "ಮೈಯಾಗ ಕಸುವಿಲ್ಲ" ಎಂದುದನ್ನು "ಕಸವಿಲ್ಲ" ಎಂದು ಬರೆದರೆ, ನಿಶ್ಶಕ್ತಿಯೆಂಬ ಲಕ್ಷಣವೇ ದಾಖಲೆಯಿಂದ ಮಾಯವಾಗುವುದು.

ಶಾಸನದ ಲಿಪಿಕಾರನಿಗೆ ಹೆಸರಿದ್ದಿತು. ಯಂತ್ರಕ್ಕೆ ಹೊಣೆಯನ್ನು ಹೊರುವ ಹೆಸರಿಲ್ಲ. ಆದುದರಿಂದ ಅದು ಬರೆದುದನ್ನು ವೈದ್ಯನೇ ಓದಿ, ತಿದ್ದಿ, ಅಂಕಿತವನ್ನು ಹಾಕಬೇಕಾಗುತ್ತದೆ. ಓದಲು ಹೊತ್ತಿಲ್ಲದಷ್ಟು ರೋಗಿಗಳನ್ನು ಅವನ ಮುಂದೆ ನಿಲ್ಲಿಸಿದಲ್ಲಿ, ಯಂತ್ರವು ಉಳಿಸಿಕೊಟ್ಟ ಕಾಲವು ದರ್ಶನ ಸ್ಪರ್ಶನ ಪ್ರಶ್ನಗಳಿಗೆ ಸಲ್ಲದೆ, ಸರದಿಯ ಸಂಖ್ಯೆಗೇ ಸಂದುಹೋಗುವುದು.