ಆರಂಭಿಕ ಅಮೆರಿಕನ್ ಪದಕಗಳ ಪರೀಕ್ಷಾ ಮುದ್ರೆಗಳು

ಅಮೆರಿಕದ ಸ್ವಾತಂತ್ರ್ಯ ಸಮರವನ್ನು ಸ್ಮರಿಸುವ ಮೊದಲ ಪದಕಗಳಲ್ಲಿ ಹೆಚ್ಚಿನವು ಸಿದ್ಧವಾದದ್ದು ಪ್ಯಾರಿಸ್‌ನಲ್ಲಿ. ಬ್ರಿಟಿಷ್ ಸೇನೆಯನ್ನು ಬಾಸ್ಟನ್‌ನಿಂದ ಹೊರಗಟ್ಟಿದ ಜಾರ್ಜ್ ವಾಷಿಂಗ್ಟನ್‌ಗೆ ಚಿನ್ನದ ಪದಕ ಕೊಡಲು ಕಾಂಗ್ರೆಸ್ 1776ರ ಮಾರ್ಚ್‌ನಲ್ಲೇ ನಿರ್ಣಯಿಸಿತು. ಆದರೆ ಅದನ್ನು ಕೊರೆಯುವ ಕೆಲಸ ಮುಂದೆ ಫ್ರಾನ್ಸಿನ ಡ್ಯುವಿವಿಯೆಯ ಪಾಲಾಯಿತು. ಇತರ ವೀರರ ಪದಕಗಳು ಆಗಸ್ಟಿನ್ ಡ್ಯುಪ್ರೆ, ಗ್ಯಾಟೊ ಮೊದಲಾದವರ ಕೈಗೆ ಹೋದವು. ಇಂಥ ಕೆಲಸದ ನಡುವೆ ತವರ, ಸೀಸಗಳಂಥ ಮೆದು ಲೋಹದಲ್ಲಿ ತೆಗೆದುಕೊಳ್ಳುತ್ತಿದ್ದ ಒಂದೇ ಮುಖದ ಪ್ರತಿಗಳೇ ಪರೀಕ್ಷಾ ಮುದ್ರೆಗಳು. ಸಂಗ್ರಾಹಕರ ಬಾಯಲ್ಲಿ ಇವು ಕ್ಲಿಷೆ. ನೋಡಲು ಸೊರಗಿದಂತಿರುವ ಇವನ್ನು ಪದಕದ ಬಡ ನೆಂಟರೆಂದು ಬದಿಗಿಡುವುದುಂಟು. ಪದಕ ಹೇಗೆ ರೂಪುಗೊಂಡಿತೆಂಬ ಪ್ರಶ್ನೆಗೆ ಮಾತ್ರ ಮುಗಿದ ಪದಕಕ್ಕಿಂತ ಇವೇ ಗಟ್ಟಿ ಸಾಕ್ಷಿ.

ಹೀಗೆನ್ನಲು ಕಾರಣ ಕೆಲಸದ ಕ್ರಮದಲ್ಲೇ ಇದೆ. ಉಕ್ಕಿನ ಅಚ್ಚನ್ನು ಕೊರೆದು ಮುಗಿಸಿದ ಮೇಲೆ ಕಾಯಿಸಿ ಗಡುಸುಗೊಳಿಸುತ್ತಾರೆ. ಆಮೇಲೆ ತಿದ್ದುವುದು ಕಷ್ಟ. ಆದ್ದರಿಂದ ಕಲಾವಿದ ಅದಕ್ಕೆ ಮೊದಲೇ, ಕರಗಿಸಿ ಸುರಿದ ಲೋಹ ಇನ್ನೇನು ಗಟ್ಟಿಯಾಗುವ ಹೊತ್ತಿಗೆ ಅಚ್ಚನ್ನು ಅದರ ಮೇಲೆ ಜೋರಾಗಿ ಒತ್ತಿ ತನ್ನ ಕೆಲಸವನ್ನು ಪರೀಕ್ಷಿಸುತ್ತಿದ್ದ. ಬೆಂಜಮಿನ್ ಫ್ರಾಂಕ್ಲಿನ್ ಕಲ್ಪಿಸಿ ಡ್ಯುಪ್ರೆ ಕೊರೆದ 1783ರ ಲಿಬರ್ಟಾಸ್ ಅಮೆರಿಕಾನಾ ಪದಕವನ್ನೇ ನೋಡಿ. ಹಾವುಗಳೆರಡನ್ನು ಹಿಸುಕುವ ಶಿಶು ಹರ್ಕ್ಯುಲಿಸ್, ಎರಗಿ ಬರುವ ಬ್ರಿಟನ್ನಿನ ಸಿಂಹ, ಅಡ್ಡ ನಿಂತ ಫ್ರಾನ್ಸಿನ ಮಿನರ್ವಾ: ಇಷ್ಟು ಕಿಕ್ಕಿರಿದ ಹಿಂಬದಿಯನ್ನು ಮುದ್ರೆ ತೆಗೆಯದೆ ಅಂದಾಜಿಸುವುದು ನುರಿತ ಕೈಗೂ ಕಷ್ಟವೇ.

ಅಚ್ಚು ಉಳಿದಿದ್ದರೆ ಇಂಥ ಮುದ್ರೆಯನ್ನು ನೂರು ವರ್ಷದ ನಂತರವೂ ತೆಗೆಯಬಹುದಲ್ಲ ಎಂಬ ಆಕ್ಷೇಪವಿದೆ. ಪೂರ್ಣಗೊಂಡ ಅಚ್ಚಿನ ಮಟ್ಟಿಗೆ ಅದು ನಿಜ. ಆದರೆ ಕೊರೆತ ಒಮ್ಮುಖ. ತೆಗೆದ ಉಕ್ಕನ್ನು ಮತ್ತೆ ತುಂಬಲಾಗದು. ಅಕ್ಷರವಿಲ್ಲದ, ಗೆರೆಗಳು ಅರೆಬರೆಯಾಗಿರುವ ಮುದ್ರೆಯನ್ನು ಮುಗಿದ ಅಚ್ಚಿನಿಂದ ಹೊರಡಿಸಲು ಸಾಧ್ಯವಿಲ್ಲ. ತಲೆಯ ಉಬ್ಬುರೂಪವಿರುವ ಉಕ್ಕಿನ ಮೊಳೆಯಿಂದ ಅದನ್ನಷ್ಟೇ ಹೊಸ ಉಕ್ಕಿಗೆ ಒತ್ತುವ ದಾರಿಯೊಂದಿದೆ, ಆದ್ದರಿಂದ ಬರಿಯ ತಲೆಯ ಮುದ್ರೆಗಳ ವಿಷಯದಲ್ಲಿ ಎಚ್ಚರ ಬೇಕು. ಇನ್ನು ಮುದ್ರೆಯಿಂದ ಎರಕ ಹೊಯ್ದ ನಕಲನ್ನು ಮಂಕಾದ ಅಂಚುಗಳು ಬಹುಮಟ್ಟಿಗೆ ತೋರಿಸಿಕೊಡುತ್ತವೆ.

ಮುಗಿದ ಪದಕವಾದರೂ ಸಂಶಯಕ್ಕೆ ಹೊರತೇ? ಅದೇ ಸಮರದ ವೀರ ಡೇನಿಯಲ್ ಮೋರ್ಗನ್‌ಗಾಗಿ ಡ್ಯುಪ್ರೆ ಕೊರೆದ ಚಿನ್ನದ ಪದಕ 1818ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಕಳವಾಯಿತು. 1839ರಲ್ಲಿ ಅದರ ಬದಲಿಗೆ ತಯಾರಾದದ್ದು ಡ್ಯುಪ್ರೆಯ ಅಚ್ಚಿನಿಂದಲ್ಲ, ಪ್ಯಾರಿಸ್‌ನ ಕೆತ್ತನೆಗಾರ ಬಾರ್ ಹೊಸದಾಗಿ ಕೊರೆದ ಅಚ್ಚಿನಿಂದ.