ಕುದುರೆಗೆ ಹುಲ್ಲು ತಂದವರು ಯಾರು?

ಹೋದ ತಿಂಗಳು ಒಂದು ಸಂಜೆ ಉಲ್ಲಾಳ ಮೇನ್ ರೋಡಿನಲ್ಲಿ ಇಪ್ಪತ್ತು ನಿಮಿಷ ಸಿಕ್ಕಿಹಾಕಿಕೊಂಡೆ. ಮುಂದೆ ಬಸ್ಸೇನೋ ಕೆಟ್ಟು ನಿಂತಿರಬೇಕು ಅಂದುಕೊಂಡರೆ, ಅಲ್ಲ, ಮದುವೆ ಮೆರವಣಿಗೆ. ಬಿಳಿ ಕುದುರೆ, ಮೇಲೆ ಪೇಟ ಸುತ್ತಿದ ಮದುಮಗ, ಸುತ್ತ ಬ್ಯಾಂಡು. ನನ್ನ ಕಣ್ಣು ಹೋಗಿದ್ದು ಮಾತ್ರ ಲಗಾಮು ಹಿಡಿದು ನಿಂತಿದ್ದ ಹುಡುಗನ ಮೇಲೆ. ಕಾಲಿಗೆ ಹವಾಯಿ ಚಪ್ಪಲಿ, ಹೆಗಲಿಗೊಂದು ಗೋಣಿಚೀಲ. ಚೀಲದ ಬಾಯಿಂದ ಹುಲ್ಲು ಇಣುಕುತ್ತಿತ್ತು.

ಅದೇ ರಾತ್ರಿ ಅಮೆರಿಕದ ಇಂಡಿಯಾನಾದಲ್ಲಿರೋ ಗೆಳೆಯ ಫೋನ್ ಮಾಡಿದ್ದ. ಅವನ ಆಫೀಸಿನವಳೊಬ್ಬಳು ವೀಕೆಂಡಿಗೆ ತನ್ನ ಕುದುರೆ ಕರೆದುಕೊಂಡು ಬ್ರೌನ್ ಕೌಂಟಿ ಸ್ಟೇಟ್ ಪಾರ್ಕಿಗೆ ಹೋಗಿದ್ದಳಂತೆ. ಗುಡ್ಡಗಾಡಿನ ಪಾರ್ಕು. ಅಲ್ಲಿ ಕುದುರೆ ತಂದವರಿಗೇ ಬೇರೆ ಕ್ಯಾಂಪ್, ಕಟ್ಟೋಕೆ ಜಾಗ, ನೀರು, ಕಾಡಿನೊಳಗೆ ಕುದುರೆ ಓಡಾಡೋಕೆ ದಾರಿ, ಎಲ್ಲ ಇದೆ. "ನಮ್ಮ ಕಡೆ ಇಷ್ಟೊಂದು ಬೆಟ್ಟ ಇಟ್ಕೊಂಡು ಇಂಥದ್ದೊಂದು ಯಾಕೋ ಇಲ್ಲ?" ಅಂದ.

ಇಲ್ಲ ಅನ್ನೋದು ಈಗಿನ ಮಾತು. ಮೊದಲು ಇತ್ತು, ಬೇರೆ ಥರ ಇತ್ತು.

ಮೊದಲು ಒಂದು ಸಣ್ಣ ಲೆಕ್ಕ ನೋಡೋಣ. ಸಾಧಾರಣ ಗಾತ್ರದ ಒಂದು ಕುದುರೆಗೆ ದಿನಕ್ಕೆ ಏಳೆಂಟು ಕೆಜಿ ಒಣಹುಲ್ಲು ಬೇಕು. ಬಿಸಿಲಲ್ಲಿ ನಡೆದರೆ ಮೂವತ್ತು ನಲವತ್ತು ಲೀಟರ್ ನೀರು ಬೇಕು. ಬೈಕಿನ ಥರ ಸ್ಟ್ಯಾಂಡ್ ಹಾಕಿ ನಿಲ್ಲಿಸಿ ಮಲಗೋಕಾಗಲ್ಲ. ಹಾಗಾಗಿ ಕುದುರೆ ಮೇಲೆ ಹೋಗೋರ ದಾರಿಯನ್ನ ತೀರ್ಮಾನ ಮಾಡುತ್ತಿದ್ದದ್ದು ಕೆರೆ, ತೋಪು, ಹುಲ್ಲುಗಾವಲು. ಪೇಟೆಯಿಂದ ಮೈಸೂರಿನ ಕಡೆ ಹೊರಟರೆ ಕೆಂಗೇರಿ, ಬಿಡದಿ, ಚನ್ನಪಟ್ಟಣ, ಮದ್ದೂರು ಅಂತ ಊರುಗಳು ಸಾಲಾಗಿ ಸಿಗುತ್ತವಲ್ಲ, ಅವೆಲ್ಲ ಮುಕ್ಕಾಂ ಹಾಕೋ ದೂರದಲ್ಲಿರೋ ಊರುಗಳು. ಈಗ ನಾವು ಟೋಲ್ ಕಟ್ಟಿ ಒಂದೂವರೆ ಗಂಟೇಲಿ ದಾಟಿಬಿಡ್ತೀವಿ.

ನಮ್ಮ ನಾಡಿಗೂ ಕುದುರೆಗೂ ಹೊಂದಾಣಿಕೆ ಅಷ್ಟಕ್ಕಷ್ಟೆ. ಒಳ್ಳೆಯ ಕುದುರೆ ಇಲ್ಲಿ ಹುಟ್ಟುತ್ತಿದ್ದದ್ದು ಕಡಿಮೆ. ವಿಜಯನಗರದ ಅರಸರು ಅರಬ್, ಪರ್ಷಿಯಾ ಕಡೆಯಿಂದ ಹಡಗಿನಲ್ಲಿ ತರಿಸುತ್ತಿದ್ದರು. ಭಟ್ಕಳ, ಗೋವಾ ಬಂದರುಗಳಲ್ಲಿ ಇಳಿಸಿ ಘಟ್ಟ ಹತ್ತಿಸಬೇಕಿತ್ತು. ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿಟ್ಟ ಒಂದು ವಿವರ ಓದಿ ನಾನು ಬೆರಗಾಗಿದ್ದೆ. ಸಾಳುವ ನರಸಿಂಹ ಸಮುದ್ರದಲ್ಲೇ ಸತ್ತ ಕುದುರೆಗೂ ದುಡ್ಡು ಕೊಡುತ್ತಿದ್ದನಂತೆ. ಸಾಕ್ಷಿಗೆ ಬಾಲ ತಂದು ತೋರಿಸಿದರೆ ಸಾಕು. ಸ್ಟಾರ್ಟಪ್‌ನವರೂ ಕೊಡದ ಇನ್ಶೂರೆನ್ಸ್!

ಹುಲ್ಲಿಲ್ಲದ ಕಡೆ ಕುದುರೆ ಇಟ್ಟುಕೊಂಡರೆ ಏನಾಗುತ್ತೆ ಅನ್ನೋದಕ್ಕೆ ನಮ್ಮ ಪಕ್ಕದಲ್ಲೇ ಉದಾಹರಣೆ ಇದೆ. 1791ರ ಮಾರ್ಚಿನಲ್ಲಿ ಕಾರ್ನ್‌ವಾಲಿಸ್ ಬೆಂಗಳೂರು ಕೋಟೆ ಹಿಡಿದ. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣಕ್ಕೆ ಹೊರಟ. ಮೈಸೂರು ರಸ್ತೆಯ ಆಸುಪಾಸಿನ ಬೆಟ್ಟದ ಕೋಟೆಗಳು ಟಿಪ್ಪುವಿನ ಕೈಯಲ್ಲಿದ್ದವು. ಅದಕ್ಕೇ ಅವನು ಕನಕಪುರದ ಕಡೆಯಿಂದ ಸುತ್ತು ಹಾಕಿದ. ಟಿಪ್ಪು ದಾರಿಯುದ್ದಕ್ಕೂ ಮೇವು ಸುಡಿಸಿದ. ಮೇ 15ರಂದು ಅರಕೆರೆ ಹತ್ತಿರ ನಡೆದ ಕಾಳಗದಲ್ಲಿ ಗೆದ್ದದ್ದು ಕಾರ್ನ್‌ವಾಲಿಸನೇ. ಆದರೆ ಅಷ್ಟರಲ್ಲಿ ಎತ್ತುಗಳು, ಕುದುರೆಗಳು ಹಸಿದು ಸಾಯತೊಡಗಿದ್ದವು. ದೊಡ್ಡ ಫಿರಂಗಿಗಳನ್ನ ಎಳೆಯೋರಿಲ್ಲ. ಅವನ್ನ ತಾನೇ ಹಾಳುಗೆಡವಿ ವಾಪಸ್ ಬಂದ. ಗೆದ್ದ ಸೈನ್ಯ ಮೇವಿಲ್ಲದೆ ಹಿಂತಿರುಗಿತು. ನಾವೆಲ್ಲ ವೀಕೆಂಡಿಗೆ ಹತ್ತೋ ಸಾವನದುರ್ಗವನ್ನ ಬ್ರಿಟಿಷರು ಹಿಡಿದದ್ದು ಅದೇ ವರ್ಷದ ಡಿಸೆಂಬರಿನಲ್ಲಿ, ದಾರಿ ಸರಿಮಾಡಿಕೊಳ್ಳೋ ಸಲುವಾಗಿಯೇ.

ಯುದ್ಧ ಮುಗಿದ ಮೇಲೆ ಕುದುರೆಗಳು ಬೆಟ್ಟ ಹತ್ತಿದ್ದು ತಂಪಿಗೆ. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ನಂದಿಬೆಟ್ಟದ ಮೇಲೆ ಬೇಸಿಗೆ ಬಂಗಲೆ ಕಟ್ಟಿಸಿಕೊಂಡ. ಕುದುರೆ ಹುಚ್ಚಿನ ಮನುಷ್ಯ. ಕಬ್ಬನ್ ಪಾರ್ಕಿನಲ್ಲಿ ಈಗಲೂ ಕುದುರೆ ಮೇಲೇ ಕೂತಿದ್ದಾನೆ.

ಗೆಳೆಯ ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಅಂದರೆ ಕುದುರೆಮುಖ. ಸಮುದ್ರದ ಕಡೆಯಿಂದ ನೋಡಿದರೆ ಕುದುರೆ ಮುಖದ ಹಾಗೆ ಕಾಣುತ್ತೆ ಅಂತ ಆ ಹೆಸರು. ಹಡಗಿನವರಿಗೆ ಅದೊಂದು ಗುರುತು. ಎತ್ತರ ಸುಮಾರು 1,894 ಮೀಟರ್. ಅಲ್ಲಿಗೆ ಕುದುರೆ ಮೇಲೆ ಹೋಗುವಂಥ ದಾರಿ ಮಾಡಿದ್ದರು, ಮೇಲೆ ದಕ್ಷಿಣ ಕನ್ನಡದ ಬ್ರಿಟಿಷ್ ಅಧಿಕಾರಿಗಳಿಗೆ ಬೇಸಿಗೆ ಕಳೆಯೋಕೆ ಬಂಗಲೆ ಇತ್ತು ಅಂತ ಹಳೆಯ ಗೆಜೆಟಿಯರುಗಳು ಹೇಳುತ್ತವೆ. ಅಂದರೆ ಬೆಟ್ಟದ ನೆತ್ತಿಯಲ್ಲಿ ಕುದುರೆ ಸಮೇತ ವಾಸ್ತವ್ಯ! ಬ್ರೌನ್ ಕೌಂಟಿಗೇನು ಕಡಿಮೆ?

ಆದರೆ ಆ ಬೆಟ್ಟದ ಮೇಲೆ ಕುದುರೆಗೆ ಹುಲ್ಲು ತಂದವರು ಯಾರು?

ಆ ಕಾಲದಲ್ಲಿ ಒಂದು ಕುದುರೆ ಅಂದರೆ ಅದರ ಹಿಂದೆ ಇಬ್ಬರು ಆಳು. ಮೈ ಉಜ್ಜೋಕೆ, ಜೊತೆಗೆ ಓಡೋಕೆ ಒಬ್ಬ ಕಾಸ್ದಾರ. ಹುಲ್ಲು ತರೋಕೆ ಇನ್ನೊಬ್ಬರು; ಎಷ್ಟೋ ಸಲ ಅದು ಕಾಸ್ದಾರನ ಹೆಂಡತಿ. ಕುದುರೆಗೆ ಗರಿಕೆ ಶ್ರೇಷ್ಠ. ಬೇಸಿಗೆಯಲ್ಲಿ ನೆಲದ ಮೇಲೆ ಗರಿಕೆ ಸಿಗಲ್ಲ. ಕುಕ್ಕರಗಾಲಲ್ಲಿ ಕೂತು ಬೇರು ಸಮೇತ ಕೆತ್ತಬೇಕು, ಮಣ್ಣು ಬಡಿಯಬೇಕು, ತೊಳೆಯಬೇಕು, ಹೊರೆ ಕಟ್ಟಿ ಹೊತ್ತು ತರಬೇಕು. ಆಮೇಲೆ ಹುರುಳಿ ಬೇಯಿಸಬೇಕು. ಸಾಹೇಬರು ಟೆಂಟಿನ ಮುಂದೆ ಕೂತು ಬರೆದ ಡೈರಿಗಳಲ್ಲಿ ಕುದುರೆಯ ಹೆಸರಿರುತ್ತೆ. ಇವರ ಹೆಸರು ಹುಡುಕಿದರೂ ಸಿಗೋದು ಕಷ್ಟ.

ನನಗೆ ಇದು ಬರೀ ಇತಿಹಾಸ ಅಲ್ಲ. ನಮ್ಮಜ್ಜಿಯ ತವರು ಚನ್ನಪಟ್ಟಣದ ಹತ್ತಿರದ ಹಳ್ಳಿ. ಅಜ್ಜಿಯ ಅವ್ವ ಸಣ್ಣ ಹುಡುಗಿಯಾಗಿದ್ದಾಗ ಅಧಿಕಾರಿಗಳು ಸರ್ಕೀಟು ಬಂದರೆ ತೋಪಿನಲ್ಲಿ ಡೇರೆ ಬೀಳುತ್ತಿತ್ತಂತೆ. ಊರಿನವರು ಸೌದೆ, ಹಾಲು, ಕೋಳಿ ಒಪ್ಪಿಸಬೇಕು. ಇವರ ಪಾಲಿಗೆ ಹುಲ್ಲು. "ಒಂದೊಂದ್ಸಲ ಕಾಸು ಕೊಡೋರು, ಒಂದೊಂದ್ಸಲ ಇಲ್ಲ ಕಣಪ್ಪ. ಬಿಟ್ಟಿ ಅಂದ್ರೆ ಬಿಟ್ಟಿ," ಅನ್ನೋರು ಅಜ್ಜಿ. ಕುದುರೆಗೆ ಬೇಯಿಸಿದ ಹುರುಳಿಯ ಕಟ್ಟನ್ನ ಕಾಸ್ದಾರ ಕೊಟ್ಟರೆ ಮನೆಗೆ ತಂದು ಸಾರು ಮಾಡೋರಂತೆ.

ನಮ್ಮಪ್ಪನಿಗೆ ಈ ಕತೆ ಯಾರ ಮುಂದೆಯೂ ಹೇಳೋದು ಇಷ್ಟ ಇರಲಿಲ್ಲ. ನೆಂಟರ ಮುಂದೆ ಅಜ್ಜಿ ಶುರುಮಾಡಿದರೆ, "ಸಾಕು ಬಿಡಮ್ಮ, ಅದ್ಯಾಕೆ ಈಗ," ಅಂತ ಎದ್ದು ಹೋಗೋರು. ನಾನು ಕಾಲೇಜಿನಲ್ಲಿದ್ದಾಗ ನನಗೂ ಹಾಗೇ ಅನಿಸುತ್ತಿತ್ತು. ಈಗ ನಮ್ಮ ಏರಿಯಾದ ಹೋಟೆಲಿನಲ್ಲಿ ಹುರುಳಿ ಕಟ್ಟಿನ ಸಾರನ್ನ 'ಹೆಲ್ದಿ' ಅಂತ ಆರ್ಡರ್ ಮಾಡುವಾಗ ಅಜ್ಜಿ ನೆನಪಾಗುತ್ತಾರೆ. ಅವರು ಇದ್ದಾಗ ಆ ತೋಪು ಎಲ್ಲಿತ್ತು ಅಂತಲೂ ಕೇಳಿಟ್ಟುಕೊಳ್ಳಲಿಲ್ಲ.

ಕುದುರೆಮುಖ ಈಗ ರಾಷ್ಟ್ರೀಯ ಉದ್ಯಾನ. ಪರ್ಮಿಟ್ ತಗೊಂಡು ಬೆಳಿಗ್ಗೆ ಹತ್ತಬೇಕು, ಸಂಜೆಯೊಳಗೆ ಇಳಿಯಬೇಕು. ಮೇಲೆ ಟೆಂಟ್ ಹಾಕೋ ಹಾಗಿಲ್ಲ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ರಾಷ್ಟ್ರೀಯ ಉದ್ಯಾನದೊಳಗೆ ಸಾಕುಪ್ರಾಣಿ ಮೇಯಿಸೋದು ನಿಷಿದ್ಧ. ನನಗದು ಸರಿ ಅಂತಲೇ ಅನಿಸುತ್ತೆ. ಊರಿನ ಪ್ರಾಣಿಯ ರೋಗ ಕಾಡಿನ ಪ್ರಾಣಿಗೆ ಹತ್ತಬಾರದು. ಅಲ್ಲಿನ ಹುಲ್ಲು ಕಾಟಿಗೆ, ಕಡವೆಗೆ ಇರಲಿ.

ಗೆಳೆಯನಿಗೆ ಇದನ್ನೆಲ್ಲ ಬರೆದು ಕಳಿಸಿ, ಒಂದು ಪ್ರಶ್ನೆ ಕೇಳಿದೆ: ನಿಮ್ಮ ಆ ಕ್ಯಾಂಪಿನಲ್ಲಿ ಲದ್ದಿ ಎತ್ತೋದು ಯಾರು? ಅವನು ಅವಳನ್ನೇ ಕೇಳಿ ಉತ್ತರ ಹೇಳಿದ: "ಅವಳೇ ಕಣೋ. ಹುಲ್ಲು ತಗೊಂಡು ಹೋಗೋದೂ ಅವಳೇ, ನೀರು ಹೊರೋದೂ ಅವಳೇ. ಕ್ಲೀನ್ ಮಾಡದೆ ಹೊರಡೋ ಹಾಗಿಲ್ಲ."

ವ್ಯತ್ಯಾಸ ಇಷ್ಟೇ. ನಮ್ಮಲ್ಲಿ ಬೆಟ್ಟವೂ ಇತ್ತು, ದಾರಿಯೂ ಇತ್ತು, ಬಂಗಲೆಯೂ ಇತ್ತು. ಮೇಲೆ ಕೂತವರು ಬೇರೆ, ಹುಲ್ಲು ಕೆತ್ತಿದವರು ಬೇರೆ. ನಾಳೆ ಯಾರಾದರೂ ಸಕಲೇಶಪುರದ ಕಡೆ ಖಾಸಗಿ ತೋಟದಲ್ಲಿ 'ಹಾರ್ಸ್ ಕ್ಯಾಂಪಿಂಗ್' ಶುರುಮಾಡಿದರೆ ನಾನೂ ಹೋಗಿ ಬರ್ತೀನಿ, ಬೇಡ ಅನ್ನಲ್ಲ. ಬುಕ್ ಮಾಡೋ ಮೊದಲು ಕುದುರೆ ನೋಡಿಕೊಳ್ಳೋ ಹುಡುಗ ರಾತ್ರಿ ಎಲ್ಲಿ ಮಲಗ್ತಾನೆ, ಅವನಿಗೆ ದಿನಕ್ಕೆ ಎಷ್ಟು ಕೊಡ್ತೀರಿ ಅಂತ ಕೇಳ್ತೀನಿ.

ಅವತ್ತು ಉಲ್ಲಾಳದ ಮೆರವಣಿಗೆ ಛತ್ರದ ಬಾಗಿಲಿಗೆ ಬಂದಾಗ ಮದುಮಗ ಇಳಿದು ಒಳಗೆ ಹೋದ. ಬ್ಯಾಂಡಿನವರೂ ಊಟಕ್ಕೆ ಹೋದರು. ಹುಡುಗ ಪಕ್ಕದ ಬೇಕರಿಯಲ್ಲಿ ಬಕೆಟ್ ಕೇಳಿ ಕುದುರೆಗೆ ನೀರು ಕುಡಿಸಿದ, ಗೋಣಿಚೀಲ ಬಿಚ್ಚಿ ಹುಲ್ಲು ಸುರಿದ. ಆಮೇಲೆ ಅದೇ ಗೋಣಿ ಹಾಸಿಕೊಂಡು ಫುಟ್‌ಪಾತಿನ ಮೇಲೆ ಕೂತ.