ಆಫರ್ ಲೆಟರ್ ಕೈಗೆ ಬಂತೇ? ದುಡ್ಡು ಕಟ್ಟುವ, ರಾಜೀನಾಮೆ ಕೊಡುವ ಮುನ್ನ ಇಷ್ಟು ಪರೀಕ್ಷಿಸಿ

ತಿಂಗಳುಗಟ್ಟಲೆ ಕೆಲಸ ಹುಡುಕುತ್ತಿದ್ದೀರಿ. ಹತ್ತಾರು ಕಡೆ ರೆಸ್ಯೂಮ್ ಕಳುಹಿಸಿದ್ದೀರಿ. ಒಂದು ದಿನ ದೊಡ್ಡ ಕಂಪನಿಯ ಲೋಗೋ ಇರುವ ಆಫರ್ ಲೆಟರ್ ವಾಟ್ಸ್‌ಆ್ಯಪ್‌ಗೆ ಬರುತ್ತದೆ. ಸಂಬಳ ನೀವು ಕೇಳಿದ್ದಕ್ಕಿಂತ ಹೆಚ್ಚು. ಬೆನ್ನಿಗೇ ಒಂದು ಫೋನ್ ಕರೆ: 'ದಾಖಲೆ ಪರಿಶೀಲನೆಗೆ 2,500 ರೂ. ಕಟ್ಟಿ, ಕೆಲಸಕ್ಕೆ ಸೇರಿದ ಮೇಲೆ ವಾಪಸ್ ಕೊಡುತ್ತೇವೆ. ಇವತ್ತು ಸಂಜೆಯೇ ಕೊನೆ.'

ಉದ್ಯೋಗದ ಹೆಸರಿನ ವಂಚನೆ ಸಾಮಾನ್ಯವಾಗಿ ಹೀಗೇ ಶುರುವಾಗುತ್ತದೆ. ಊರು ಬಿಟ್ಟು ಮುಂಬೈ, ಪುಣೆ, ಹೈದರಾಬಾದ್, ದೆಹಲಿಯಲ್ಲಿ ಕೆಲಸ ಹುಡುಕುವವರಿಗೆ ಅಪಾಯ ಇನ್ನೂ ಹೆಚ್ಚು. ಊರು ಹೊಸದು, ಕೇಳಿ ತಿಳಿದುಕೊಳ್ಳಲು ಪರಿಚಯದವರೂ ಕಡಿಮೆ. ಆದರೆ ಆಫರ್ ಅಸಲಿಯೋ ನಕಲಿಯೋ ಎಂದು ಕುಳಿತಲ್ಲೇ ಪರೀಕ್ಷಿಸಬಹುದು. ಅದು ಹೇಗೆ ಎಂಬುದು ಇಲ್ಲಿದೆ.

ದುಡ್ಡು ಕೇಳಿದರೆ ಅಲ್ಲಿಗೇ ನಿಲ್ಲಿಸಿ

ಕೆಲಸ ಕೊಡುವವರು ನಿಮಗೆ ಸಂಬಳ ಕೊಡಬೇಕೇ ಹೊರತು ನಿಮ್ಮಿಂದ ಹಣ ಪಡೆಯುವುದಲ್ಲ. ರಿಜಿಸ್ಟ್ರೇಷನ್ ಶುಲ್ಕ, ತರಬೇತಿ ಶುಲ್ಕ, ಲ್ಯಾಪ್‌ಟಾಪ್ ಠೇವಣಿ, ಸಂದರ್ಶನದ ಗೇಟ್ ಪಾಸ್ ಎಂದು ಹೆಸರು ಏನೇ ಇರಲಿ, ಹಣ ಕೇಳಿದ ಕೂಡಲೇ ಮಾತು ನಿಲ್ಲಿಸಿ. ಅಸಲಿ ನೇಮಕಾತಿ ಏಜೆನ್ಸಿಗಳು ಸಾಮಾನ್ಯವಾಗಿ ಕಂಪನಿಯಿಂದಲೇ ಶುಲ್ಕ ಪಡೆಯುತ್ತವೆ. ಮೊದಲು ಚಿಕ್ಕ ಮೊತ್ತ ಕೇಳುವುದು ನಿಮ್ಮನ್ನು ಅಳೆಯಲು. 2,500 ಕಟ್ಟಿದವರು ಮುಂದೆ 15,000 ಕೂಡ ಕಟ್ಟುತ್ತಾರೆ ಎಂಬುದು ಅವರ ಲೆಕ್ಕ.

'ಸಂಬಳದ ಖಾತೆ ಪರೀಕ್ಷಿಸಬೇಕು, ಯುಪಿಐ ಪಿನ್ ಹಾಕಿ' ಎಂದರೂ ನಂಬಬೇಡಿ. ಹಣ ಪಡೆಯಲು ಪಿನ್ ಬೇಕಿಲ್ಲ. ಪಿನ್ ಹಾಕಿದರೆ ಹೋಗುವುದು ನಿಮ್ಮ ಹಣ.

ಕಂಪನಿ ಅಸಲಿಯೇ ಎಂದು ನೋಡುವುದು ಹೇಗೆ?

* ಇಮೇಲ್ ವಿಳಾಸದಲ್ಲಿ '@' ಗುರುತಿನ ನಂತರದ ಭಾಗ ನೋಡಿ. ದೊಡ್ಡ ಕಂಪನಿಯ ಎಚ್‌ಆರ್ ವಿಭಾಗ ಜಿಮೇಲ್ ಖಾತೆಯಿಂದ ಆಫರ್ ಲೆಟರ್ ಕಳುಹಿಸುವುದಿಲ್ಲ. ಕಂಪನಿಯ ಹೆಸರಿಗೆ 'ಕರಿಯರ್ಸ್', 'ಜಾಬ್ಸ್' ಎಂದು ಬಾಲ ಸೇರಿಸಿದ ವಿಳಾಸವಿದ್ದರೂ ಅನುಮಾನಿಸಿ.

* ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ವೆಬ್‌ಸೈಟ್‌ನಲ್ಲಿ ಕಂಪನಿಯ ಹೆಸರು ಹುಡುಕಿ. ನೋಂದಣಿಯಾದ ದಿನಾಂಕ, ವಿಳಾಸ, ಕಂಪನಿ ಈಗ ಚಾಲ್ತಿಯಲ್ಲಿದೆಯೇ ಎಂಬ ವಿವರ ಅಲ್ಲಿ ಸಿಗುತ್ತದೆ. ಪ್ರತಿ ಕಂಪನಿಗೂ 21 ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ ಇರುತ್ತದೆ. ಲೆಟರ್‌ಹೆಡ್‌ನಲ್ಲಿ ಇರುವ ಸಂಖ್ಯೆಯನ್ನು ಅದಕ್ಕೆ ಹೋಲಿಸಿ.

* ಪಾಲುದಾರಿಕೆ ಅಥವಾ ಒಬ್ಬರೇ ನಡೆಸುವ ಚಿಕ್ಕ ಸಂಸ್ಥೆಗಳು ಈ ಪಟ್ಟಿಯಲ್ಲಿ ಇರುವುದಿಲ್ಲ. ಅಂಥವರ 15 ಅಕ್ಷರ-ಅಂಕಿಗಳ ಜಿಎಸ್‌ಟಿ ಸಂಖ್ಯೆ ಕೇಳಿ, ಜಿಎಸ್‌ಟಿ ಪೋರ್ಟಲ್‌ನಲ್ಲಿ ಪರೀಕ್ಷಿಸಿ. ಇದಕ್ಕೆ ಲಾಗಿನ್ ಬೇಕಿಲ್ಲ.

* ಇಪಿಎಫ್‌ಒ ವೆಬ್‌ಸೈಟ್‌ನಲ್ಲಿ ಸಂಸ್ಥೆಯ ಹೆಸರು ಹುಡುಕಿದರೆ, ಅದು ನೌಕರರ ಪಿಎಫ್ ಕಟ್ಟುತ್ತಿದೆಯೇ ಎಂಬುದು ತಿಳಿಯುತ್ತದೆ. 20 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಪಿಎಫ್ ಕಡ್ಡಾಯ. 'ನಮ್ಮಲ್ಲಿ 300 ಜನ ಇದ್ದಾರೆ' ಎನ್ನುವವರ ಹೆಸರೇ ಅಲ್ಲಿ ಇಲ್ಲದಿದ್ದರೆ ಕಾರಣ ಕೇಳಿ.

ಒಂದು ವಿಷಯ ನೆನಪಿರಲಿ. ಕಂಪನಿ ಅಸಲಿ ಎಂದಾಕ್ಷಣ ಲೆಟರ್ ಅಸಲಿ ಆಗುವುದಿಲ್ಲ. ವಂಚಕರು ಬಳಸುವುದೇ ಹೆಸರಾದ ಕಂಪನಿಗಳ ಗುರುತನ್ನು. ಹಾಗಾಗಿ ಲೆಟರ್‌ನಲ್ಲಿರುವ ನಂಬರಿಗೆ ಫೋನ್ ಮಾಡಬೇಡಿ. ಕಂಪನಿಯ ಅಧಿಕೃತ ವೆಬ್‌ಸೈಟ್‌ನಲ್ಲಿರುವ ನಂಬರ್ ಅಥವಾ ಇಮೇಲ್ ತೆಗೆದುಕೊಂಡು 'ಈ ಆಫರ್ ನೀವೇ ಕೊಟ್ಟಿದ್ದೀರಾ?' ಎಂದು ಕೇಳಿ. ಬೇರೆ ಊರಿನ ಕೆಲಸವಾದರೆ, ಅಲ್ಲಿರುವ ಸ್ನೇಹಿತರಿಗೋ ನೆಂಟರಿಗೋ ಕಚೇರಿಯನ್ನು ಒಮ್ಮೆ ನೋಡಿ ಬರಲು ಹೇಳಿ.

'ಸರ್ಕಾರಿ ಕೆಲಸ ಮಾಡಿಸಿಕೊಡುತ್ತೇವೆ' ಎಂದರೆ

ರೈಲ್ವೆಯಲ್ಲಿ ಗುಮಾಸ್ತ, ಕೇಂದ್ರ ಕಚೇರಿಯಲ್ಲಿ ಸಹಾಯಕ ಕೆಲಸ ಕೊಡಿಸುತ್ತೇವೆ, 'ಇಂಟರ್‌ವ್ಯೂ ನಾವು ನೋಡಿಕೊಳ್ಳುತ್ತೇವೆ' ಎಂದು ಲಕ್ಷಗಟ್ಟಲೆ ಕೇಳುವವರಿದ್ದಾರೆ. ಕೇಂದ್ರ ಸರ್ಕಾರದ ಗ್ರೂಪ್ ಸಿ ಮತ್ತು ಗೆಜೆಟೆಡ್ ಅಲ್ಲದ ಗ್ರೂಪ್ ಬಿ ಹುದ್ದೆಗಳಿಗೆ 2016ರ ಜನವರಿ 1ರಿಂದ ಸಂದರ್ಶನವನ್ನೇ ಕೈಬಿಡಲಾಗಿದೆ. ಇಲ್ಲದ ಸಂದರ್ಶನವನ್ನು ನೋಡಿಕೊಳ್ಳುವುದಾದರೂ ಹೇಗೆ? ಪರೀಕ್ಷಾ ಶುಲ್ಕವನ್ನು ಅಧಿಕೃತ ವೆಬ್‌ಸೈಟ್‌ನಲ್ಲಿ ಮಾತ್ರ ಕಟ್ಟಿ, ವ್ಯಕ್ತಿಯ ಕೈಗೆ ಕೊಡಬೇಡಿ. ಖಾಸಗಿ ಕೆಲಸಗಳಿಗೆ ಕೇಂದ್ರ ಕಾರ್ಮಿಕ ಸಚಿವಾಲಯದ ನ್ಯಾಷನಲ್ ಕರಿಯರ್ ಸರ್ವಿಸ್ ಪೋರ್ಟಲ್‌ನಲ್ಲಿ ಉಚಿತವಾಗಿ ನೋಂದಾಯಿಸಿಕೊಳ್ಳಬಹುದು.

ಮನೆಯಲ್ಲೇ ಕೆಲಸ, ದಿನಕ್ಕೆ 3,000!

ಹೋಟೆಲ್‌ಗೆ ರೇಟಿಂಗ್ ಕೊಡಿ, ವಿಡಿಯೋಗೆ ಲೈಕ್ ಒತ್ತಿ ಎಂದು ಟೆಲಿಗ್ರಾಮ್ ಗುಂಪಿಗೆ ಸೇರಿಸುತ್ತಾರೆ. ಮೊದಲು ನೂರಿನ್ನೂರು ರೂಪಾಯಿ ನಿಜವಾಗಿಯೂ ಬರುತ್ತದೆ. ನಂಬಿಕೆ ಬಂದ ಮೇಲೆ 'ಪ್ರೀಪೇಯ್ಡ್ ಟಾಸ್ಕ್' ಎಂದು ನಿಮ್ಮಿಂದಲೇ ಹಣ ಹಾಕಿಸುತ್ತಾರೆ. ಆ ಹಣ ತಿರುಗಿ ಬರುವುದಿಲ್ಲ.

ಇದಕ್ಕಿಂತ ಅಪಾಯಕಾರಿ ಇನ್ನೊಂದಿದೆ. 'ನಿಮ್ಮ ಬ್ಯಾಂಕ್ ಖಾತೆಗೆ ಬಂದ ಹಣವನ್ನು ಬೇರೆ ಖಾತೆಗೆ ಕಳುಹಿಸಿ, ಕಮಿಷನ್ ಇಟ್ಟುಕೊಳ್ಳಿ' ಎಂಬ ಕೆಲಸ ಅದು. ಅಲ್ಲಿಗೆ ಬರುವುದು ಇನ್ಯಾರಿಂದಲೋ ದೋಚಿದ ಹಣ. ಪೊಲೀಸರು ಮೊದಲು ಹುಡುಕಿ ಬರುವುದು ಖಾತೆದಾರರನ್ನು. ಖಾತೆ ಸ್ಥಗಿತವಾಗುವುದಷ್ಟೇ ಅಲ್ಲ, ನಿಮ್ಮ ಮೇಲೆಯೇ ಪ್ರಕರಣ ದಾಖಲಾಗಬಹುದು.

ವಿದೇಶದ ಕೆಲಸವೇ?

ಕೇಂದ್ರ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಪರವಾನಗಿ ಪಡೆದ ಏಜೆಂಟರ ಪಟ್ಟಿ ಇದೆ. ಹೆಸರು ಅಲ್ಲಿ ಇಲ್ಲದವರ ಕೈಗೆ ಪಾಸ್‌ಪೋರ್ಟ್ ಕೊಡಬೇಡಿ. ಪರವಾನಗಿ ಇರುವ ಏಜೆಂಟರು ಪಡೆಯಬಹುದಾದ ಗರಿಷ್ಠ ಸೇವಾ ಶುಲ್ಕ 30,000 ರೂ. ಮತ್ತು ಜಿಎಸ್‌ಟಿ. ರಸೀದಿ ಕೇಳಿ ಪಡೆಯಿರಿ. ಟೂರಿಸ್ಟ್ ವೀಸಾದಲ್ಲಿ ಹೋಗಿ ಅಲ್ಲಿ ಬದಲಿಸಿಕೊಳ್ಳಿ ಎಂದರೆ ಒಪ್ಪಬೇಡಿ. ಡೇಟಾ ಎಂಟ್ರಿ ಕೆಲಸವೆಂದು ನಂಬಿ ಕಾಂಬೋಡಿಯಾ, ಮ್ಯಾನ್ಮಾರ್, ಲಾವೋಸ್‌ಗೆ ಹೋದ ಭಾರತೀಯರನ್ನು ಬಲವಂತವಾಗಿ ಸೈಬರ್ ವಂಚನೆಯ ಕೆಲಸಕ್ಕೆ ಹಚ್ಚಿದ ಬಗ್ಗೆ ಸಚಿವಾಲಯವೇ ಎಚ್ಚರಿಕೆ ನೀಡಿದೆ.

ದಾಖಲೆ ಕೊಡುವಾಗ

ಮೂಲ ಅಂಕಪಟ್ಟಿ, ಪದವಿ ಪ್ರಮಾಣಪತ್ರಗಳನ್ನು ತೋರಿಸಿ ವಾಪಸ್ ಪಡೆಯಿರಿ, ಅವರ ಬಳಿ ಬಿಟ್ಟು ಬರಬೇಡಿ. ಆರಂಭದ ಹಂತದಲ್ಲಿ ಗುರುತಿಗಾಗಿ ಆಧಾರ್ ಕೇಳಿದರೆ, ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ. ಜೆರಾಕ್ಸ್ ಪ್ರತಿಯ ಮೇಲೆ ಯಾರಿಗೆ, ಯಾವ ಕೆಲಸಕ್ಕೆ ಕೊಟ್ಟಿದ್ದು ಎಂದು ಬರೆದು ದಿನಾಂಕ ಹಾಕಿ. ಒಟಿಪಿ ಯಾರಿಗೂ ಬೇಡ.

ಆಫರ್ ಅಸಲಿಯಾದರೂ ಲೆಕ್ಕ ಹಾಕಿ

ಸಿಟಿಸಿ ಬೇರೆ, ಕೈಗೆ ಬರುವ ಸಂಬಳ ಬೇರೆ. ವರ್ಷಕ್ಕೆ 6 ಲಕ್ಷ ರೂ. ಸಿಟಿಸಿ, ಮೂಲ ವೇತನ ತಿಂಗಳಿಗೆ 25,000 ರೂ. ಎಂದುಕೊಳ್ಳಿ. ಅದರಲ್ಲಿ ವರ್ಷಕ್ಕೆ 60,000 ರೂ. 'ವೇರಿಯಬಲ್' ಎಂದಿದ್ದರೆ ತಿಂಗಳ 50,000ದಲ್ಲಿ 5,000 ಹೋಯಿತು. ಕಂಪನಿ ಕಟ್ಟುವ ಶೇ. 12ರ ಪಿಎಫ್ 3,000, ಗ್ರಾಚ್ಯುಟಿ ಸುಮಾರು 1,200 ಕೂಡ ಸಿಟಿಸಿಯಲ್ಲೇ ಸೇರಿರುತ್ತವೆ. ನಿಮ್ಮ ಪಾಲಿನ ಪಿಎಫ್ 3,000, ವೃತ್ತಿ ತೆರಿಗೆ 200 ಕಳೆದರೆ ಕೈಗೆ ಬರುವುದು ಸುಮಾರು 37,600 ರೂ. ದೆಹಲಿಯಲ್ಲಿ ವೃತ್ತಿ ತೆರಿಗೆ ಇಲ್ಲ. ಆ ಊರಿನ ಬಾಡಿಗೆ, ಓಡಾಟದ ಖರ್ಚನ್ನು ಈ ಮೊತ್ತದ ಮೇಲೆ ಲೆಕ್ಕ ಹಾಕಿ.

ನೋಟಿಸ್ ಅವಧಿ ಎಷ್ಟು, ಬಾಂಡ್ ಇದೆಯೇ, ಮಧ್ಯೆ ಬಿಟ್ಟರೆ ಎಷ್ಟು ಕಟ್ಟಬೇಕು ಎಂಬುದನ್ನು ಸಹಿಗೆ ಮೊದಲೇ ಓದಿ. ಬಾಯಿಮಾತಿನ ಭರವಸೆ ಕೇಳಿ ಈಗಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ. ಸಂಬಳ, ಸೇರುವ ದಿನಾಂಕ ಇರುವ ಲೆಟರ್ ಬಂದು, ಅದನ್ನು ಕಂಪನಿಯಿಂದ ಖಚಿತಪಡಿಸಿಕೊಂಡ ಮೇಲಷ್ಟೇ ಕೊಡಿ. ಹಳೆಯ ಕಡೆಯಿಂದ ರಿಲೀವಿಂಗ್ ಲೆಟರ್ ಪಡೆಯಲು ಮರೆಯಬೇಡಿ. ಹೊಸ ಕಂಪನಿಗೆ ಹಳೆಯ 12 ಅಂಕಿಗಳ ಯುಎಎನ್ ಸಂಖ್ಯೆಯನ್ನೇ ಕೊಡಿ.

ಮೋಸ ಹೋಗಿದ್ದರೆ ತಕ್ಷಣ ಏನು ಮಾಡಬೇಕು?

ಕೂಡಲೇ 1930ಕ್ಕೆ ಕರೆ ಮಾಡಿ. ಹಣ ಮುಂದಿನ ಖಾತೆಗಳಿಗೆ ಹೋಗುವ ಮೊದಲೇ ತಡೆಹಿಡಿಯಲು ಇದರಿಂದ ಸಾಧ್ಯವಾಗಬಹುದು. ತಡವಾದಷ್ಟೂ ಹಣ ಸಿಗುವ ಸಾಧ್ಯತೆ ಕಡಿಮೆ. ಬ್ಯಾಂಕಿಗೂ ತಿಳಿಸಿ, ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ಚಾಟ್, ಕರೆಯ ವಿವರ, ಹಣ ಕಳುಹಿಸಿದ ವಹಿವಾಟು ಸಂಖ್ಯೆ ಯಾವುದನ್ನೂ ಅಳಿಸಬೇಡಿ. ಬ್ಯಾಂಕ್ ಖಾತೆ ಹುಬ್ಬಳ್ಳಿಯಲ್ಲಿದ್ದು ನೀವು ಪುಣೆಯಲ್ಲಿದ್ದರೂ ಹತ್ತಿರದ ಠಾಣೆಯಲ್ಲೇ 'ಝೀರೋ ಎಫ್‌ಐಆರ್' ದಾಖಲಿಸಲು ಅವಕಾಶವಿದೆ.

ಮನೆಯವರಿಗೆ ಹೇಳಲು ನಾಚಿಕೆಯಾಗಿ ಸುಮ್ಮನಿರಬೇಡಿ. ಕಳೆದ ಹಣ ವಾಪಸ್ ಪಡೆಯಲು ಹೋಗಿ ವಂಚಕರಿಗೇ ಮತ್ತೆ ಹಣ ಕಟ್ಟುವವರೂ ಇದ್ದಾರೆ. ನಿಮ್ಮ ಮನೆಯಲ್ಲಿ ಉಳಿದುಕೊಂಡು ತಮ್ಮನೋ, ಅಕ್ಕನ ಮಗಳೋ ಕೆಲಸ ಹುಡುಕುತ್ತಿದ್ದರೆ ಅವರಿಗೆ ಇಷ್ಟು ಹೇಳಿಡಿ: ಆಫರ್ ಬಂದ ದಿನ ಮನೆಯವರಿಗೆ ತೋರಿಸದೆ ಒಂದು ರೂಪಾಯಿಯನ್ನೂ ಕಳುಹಿಸಬೇಡ.